ಏಳು ಮಾತುಗಳ ವಿಲೇವಾರಿ ಕುರಿತು

ಮಾನ್ಯ ಕಲಿಕೋಪಕರಣ ಪರಿಶೀಲನಾ ಸಮಿತಿಯ ಅಧ್ಯಕ್ಷರೇ,

ನನ್ನ ಮಗಳು ಪ್ರಜ್ಞಾಗೆ ಐದೂವರೆ ವರ್ಷ. ಅವಳಿಗೆ ಒಟ್ಟು ಏಳು ಮಾತು ಬರುತ್ತಿದ್ದವು. ತಮ್ಮ ಸಮಿತಿ ಹೊರಡಿಸಿದ ಒಂದೂವರೆ ಪುಟದ ಆದೇಶದಿಂದ ಆ ಏಳೂ ಹೋದವು. ಈ ಪತ್ರದ ವಿಷಯ ಇಷ್ಟೇ. ಇದಕ್ಕೆ ಉಲ್ಲೇಖ ಸಂಖ್ಯೆ ಇಲ್ಲ, ಲಗತ್ತುಗಳಿಲ್ಲ. ಅವೆಲ್ಲ ಇದ್ದ ಮೂರು ಪತ್ರಗಳನ್ನು ಈಗಾಗಲೇ ತಮಗೆ ಬರೆದಿದ್ದೇನೆ. ಮೂರಕ್ಕೂ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ ಬಂದಿದೆ. ಆದ್ದರಿಂದ ನಾಲ್ಕನೆಯದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ಇದರಿಂದ ಏನಾದರೂ ಆದೀತೆಂಬ ಭ್ರಮೆ ನನಗಿಲ್ಲ. ಸುಮ್ಮನೆ ಕೂತರೆ ತಲೆ ಕೆಟ್ಟೀತೆಂದು ಬರೆಯುತ್ತಿದ್ದೇನೆ.

ತಮ್ಮ ಕಡತದಲ್ಲಿ ನಾನು "ಅರ್ಜಿದಾರ" ಎಂದಷ್ಟೇ ಇದ್ದೇನೆ. ಅಜ್ಜಂಪುರದ ಬಸ್ ನಿಲ್ದಾಣದ ಹತ್ತಿರ ನನ್ನದು ಸೀಟು ಹೊಲಿಯುವ ಅಂಗಡಿ. ಟ್ರ್ಯಾಕ್ಟರ್ ಸೀಟು, ಆಟೋ ಸೀಟು, ಬೈಕಿನ ಸೀಟು, ಶಾಲಾ ವ್ಯಾನಿನ ಬೆಂಚು, ಒಟ್ಟಿನಲ್ಲಿ ಜನ ಕೂರುವಂಥದ್ದು ಹರಿದರೆ ನನ್ನ ಹತ್ತಿರ ಬರುತ್ತದೆ. ಇಪ್ಪತ್ತು ವರ್ಷದಿಂದ ರೆಕ್ಸಿನ್, ಸ್ಪಂಜು, ಗೋಣಿ, ನಾರು ಮುಟ್ಟಿ ಮುಟ್ಟಿ, ಕಣ್ಣು ಮುಚ್ಚಿಕೊಂಡೇ ಯಾವುದು ಯಾವುದೆಂದು ಹೇಳಬಲ್ಲೆ. ಜಂಬ ಕೊಚ್ಚಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದು ಈ ಕಸುಬಿನಿಂದಲೇ ಆದದ್ದು, ಆ ಜಾಗ ಬಂದಾಗ ಹೇಳುತ್ತೇನೆ.

ಪ್ರಜ್ಞಾಗೆ ಆಟಿಸಂ ಇದೆ. ಮೂರು ವರ್ಷ ತುಂಬಿದಾಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಹಾಗೆಂದು ಬರೆದುಕೊಟ್ಟರು. ಕರೆದರೆ ತಿರುಗುತ್ತಿರಲಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ, ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಬಾಯಾರಿದರೆ ಮುಂಗೈ ಕಚ್ಚಿಕೊಳ್ಳುತ್ತಿದ್ದಳು. ಹಸಿದರೂ ಅದೇ, ನಿದ್ದೆ ಬಂದರೂ ಅದೇ. ಯಾವುದಕ್ಕೆ ಕಚ್ಚಿಕೊಳ್ಳುತ್ತಿದ್ದಾಳೆಂದು ನನ್ನ ಹೆಂಡತಿ ಯಶೋಧರಾ ಒಂದೊಂದಾಗಿ ಊಹಿಸಬೇಕಿತ್ತು. ನೀರು ಕೊಟ್ಟು ನೋಡುವುದು, ತುತ್ತು ಇಟ್ಟು ನೋಡುವುದು, ಮಡಿಲಲ್ಲಿ ಮಲಗಿಸಿ ನೋಡುವುದು. ಊಹೆ ಸರಿಹೋಗುವಷ್ಟರಲ್ಲಿ ಆ ಪುಟ್ಟ ಮುಂಗೈ ಮೇಲೆ ಹಲ್ಲಿನ ಗುರುತು ಕೆಂಪಗೆ ಎದ್ದಿರುತ್ತಿತ್ತು.

ತರೀಕೆರೆಯಲ್ಲಿ ಇಂಥ ಚಿಕ್ಕ ಮಕ್ಕಳಿಗಾಗಿ ಒಂದು ಕಲಿಕಾ ಕೊಠಡಿ ಇದೆಯೆಂದು ತಿಳಿದು, ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಕರೆದುಕೊಂಡು ಹೋಗತೊಡಗಿದೆವು. ಅಲ್ಲಿ ಹಂಸಾ ಎಂಬ ಗುತ್ತಿಗೆ ಶಿಕ್ಷಕಿ, ಆರು ಮಕ್ಕಳು, ಮೇಲಿನಿಂದ ಬಂದ ಚಿತ್ರದ ಕಾರ್ಡುಗಳ ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಸೇಬು, ಹಡಗು, ಹಿಮದ ಮನೆ. ಅಜ್ಜಂಪುರದ ಮಗು ತನಗೆ ಹಿಮದ ಮನೆ ಬೇಕೆಂದು ಯಾವತ್ತು ಕೇಳೀತೋ, ಆ ಪೆಟ್ಟಿಗೆಯನ್ನು ಆರಿಸಿದವರಿಗೇ ಗೊತ್ತು. ಪ್ರಜ್ಞಾ ಆ ಚಿತ್ರಗಳ ಕಡೆ ನೋಡಲೂ ಇಲ್ಲ. ಕಾರ್ಡಿನ ಮೂಲೆಯನ್ನು ಉಗುರಿನಿಂದ ಕೆರೆದು ಕೆಳಗೆ ಬಿಟ್ಟಳು.

ದಾರಿ ಕಂಡದ್ದು ನನ್ನ ತಾಯಿ ಹುಲಿಯಮ್ಮನಿಗೆ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಒಂದು ಮಧ್ಯಾಹ್ನ ಅಂಗಡಿಗೆ ಬುತ್ತಿ ತಂದವಳು ಮೊಮ್ಮಗಳನ್ನೂ ಕರೆತಂದಿದ್ದಳು. ನಾನು ಕತ್ತರಿಸಿ ಬಿಸಾಕಿದ ಚೂರುಗಳ ರಾಶಿಯಲ್ಲಿ ಪ್ರಜ್ಞಾ ಕೂತಿದ್ದಳು. ಒಂದೊಂದು ಚೂರನ್ನೂ ಬೆರಳಿನಿಂದ ಸವರಿ ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದಳು. ಗೋಣಿಯದೆಲ್ಲ ಒಂದು ಕಡೆ, ಮಕಮಲ್ಲೆಲ್ಲ ಒಂದು ಕಡೆ, ರೆಕ್ಸಿನ್ ಒಂದು ಕಡೆ. ಬಣ್ಣದ ಲೆಕ್ಕವೇ ಇಲ್ಲ. ಕೆಂಪು ರೆಕ್ಸಿನ್ನೂ ಕಪ್ಪು ರೆಕ್ಸಿನ್ನೂ ಒಂದೇ ಗುಡ್ಡೆಗೆ.

"ನೋಡ್ಲಾ ಹೊನ್ನೇಶ, ಈ ಮಗ ಕಣ್ಣಲ್ಲಿ ನೋಡಾಕಿಲ್ಲ ಕಣೋ, ಬೆರಳಲ್ಲಿ ನೋಡ್ತದೆ," ಎಂದಳು ನನ್ನವ್ವ. "ನಿಮ್ಮ ಮೇಡಮ್ಮಂಗೆ ಹೇಳು, ಪಟ ತೋರ್ಸೋದು ಬಿಟ್ಟು ಕೈಗೆ ಏನಾರ ಕೊಡಿ ಅಂತ."

ನಾನು ಅಳುಕುತ್ತಲೇ ಹೇಳಿದೆ. ಹಂಸಾ ನಗಲಿಲ್ಲ. "ಅಜ್ಜಿ ಹೇಳಿದ್ದು ಸರಿಯಾಗಿದೆ ಅಣ್ಣ. ಮುಟ್ಟಿ ಗುರುತು ಹಿಡಿಯೋ ಕಾರ್ಡ್ ಮಾಡೋಣ. ನೀವು ಮಾಡ್ಕೊಡಿ, ನಾನು ಕಲಿಸ್ತೀನಿ," ಎಂದರು.

ಹೀಗೆ ಆ ಏಳು ಕಾರ್ಡುಗಳು ಹುಟ್ಟಿದವು. ಅಂಗೈ ಅಗಲದ ಪ್ಲೈವುಡ್ ತುಂಡುಗಳು, ಅಂಚು ಉಜ್ಜಿ ನಯ ಮಾಡಿದವು. ಊಟದ ಕಾರ್ಡಿಗೆ ರಾಗಿ ಕಾಳು ಅಂಟಿಸಿದೆ. ನೀರಿನದಕ್ಕೆ ಹಳೆಯ ಸ್ಟೀಲ್ ಲೋಟದ ತಗಡು, ಮುಟ್ಟಿದರೆ ತಣ್ಣಗಿರಲಿ ಎಂದು. ಬಸ್ಸಿಗೆ ರೆಕ್ಸಿನ್. ಬಚ್ಚಲಿಗೆ ಮೈ ತಿಕ್ಕುವ ತೆಂಗಿನ ನಾರು. ನಿದ್ದೆಗೆ ಅವ್ವನ ಕಂಬಳಿಯ ಮೂಲೆ. ಕತ್ತರಿಸುವಾಗ ಅವಳೇ ಹಿಡಿದುಕೊಂಡಿದ್ದಳು. "ಬೇಡ" ಎನ್ನುವುದಕ್ಕೆ ಮರ ಉಜ್ಜುವ ಉಪ್ಪುಕಾಗದ, ಇದು ಹಂಸಾ ಅವರ ಯೋಚನೆ. ಕೊನೆಯದು ಅಮ್ಮ. ಯಶೋಧರಾ ಬಾಣಂತಿಯಾಗಿದ್ದಾಗ ಉಡುತ್ತಿದ್ದ ನೂಲಿನ ಸೀರೆಯ ಸೆರಗನ್ನು ಕತ್ತರಿಸಿ ಆ ಕಾರ್ಡಿಗೆ ಬಿಗಿದು ಹೊಲಿದೆ. ಬಟ್ಟೆ ತೆಳುವಾಗಿದ್ದರಿಂದ ದಾರದ ಗಂಟು ಒಳಗೆ ನಿಲ್ಲದೆ ಒಂದು ಮೂಲೆಯಲ್ಲಿ ಮೇಲಕ್ಕೆ ಬಂತು. ಕಸುಬುದಾರನಿಗೆ ಅದು ಅವಮಾನ. ಬಿಚ್ಚಿ ಮತ್ತೆ ಹೊಲಿಯೋಣ ಎಂದುಕೊಂಡೆ, ಬಸ್ಸಿಗೆ ಹೊತ್ತಾಯಿತೆಂದು ಹಾಗೇ ಬಿಟ್ಟೆ. ಏಳನ್ನೂ ಎಳೆದರೆ ಚರ್ ಎಂದು ಬಿಟ್ಟುಕೊಳ್ಳುವ ವೆಲ್ಕ್ರೋ ಪಟ್ಟಿಯಿಂದ ಒಂದು ಹಲಗೆಗೆ ಕಚ್ಚಿಸಿ, ಮಗಳ ಎತ್ತರಕ್ಕೆ ಮನೆಯ ಗೋಡೆಗೆ ಹೊಡೆದೆ.

ಕಲಿಸುವುದು ಹೇಗೆಂದು ತಮಗೆ ಕುತೂಹಲ ಇರಲಾರದು, ಆದರೂ ಹೇಳುತ್ತೇನೆ. ನೀರು ಕೊಡುವ ಮೊದಲು ತಗಡಿನ ಕಾರ್ಡನ್ನು ಅವಳ ಕೈಗಿಡಬೇಕು, ಅವಳು ಅದನ್ನು ನಮಗೆ ಕೊಡಬೇಕು, ತಕ್ಷಣ ನೀರು ಕೊಡಬೇಕು. ದಿನಕ್ಕೆ ಹತ್ತು ಹದಿನೈದು ಸಲ, ಪ್ರತಿದಿನ, ಹಬ್ಬವಿರಲಿ, ಜ್ವರವಿರಲಿ. ನಾಲ್ಕು ತಿಂಗಳು ಏನೂ ಆಗಲಿಲ್ಲ. ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅವ್ವ ಗಂಜಿಯ ಬಟ್ಟಲು ಮುಂದಿಟ್ಟಳು. ಪ್ರಜ್ಞಾ ಎದ್ದು ಹೋಗಿ ಉಪ್ಪುಕಾಗದವನ್ನು ಕಿತ್ತು ತಂದು ಅಜ್ಜಿಯ ಮೊಣಕಾಲಿನ ಮೇಲೆ ಪಟ್ಟೆಂದು ಇಟ್ಟಳು. ಬೇಡ! ಜನ ಮಕ್ಕಳ ಮೊದಲ ಮಾತು ಅಮ್ಮ ಎಂದು ಹೇಳಿಕೊಂಡು ತಿರುಗುತ್ತಾರೆ. ನಮ್ಮ ಮನೆಯಲ್ಲಿ ಮೊದಲ ಮಾತು ಬೇಡ. ಅದಕ್ಕೆ ಆ ದಿನ ಪಾಯಸ ಮಾಡಿದೆವು, ಅವಳು ಅದಕ್ಕೂ ಉಪ್ಪುಕಾಗದ ತಂದಿಟ್ಟಳು.

ಅಮ್ಮನಿಗೆ ಹನ್ನೊಂದು ತಿಂಗಳು ಹಿಡಿಯಿತು. ಕಳೆದ ವರ್ಷ ಬುದ್ಧ ಪೂರ್ಣಿಮೆಯ ದಿನ ಮನೆ ತುಂಬ ನೆಂಟರು, ಯಶೋಧರಾ ದೊಡ್ಡ ಪಾತ್ರೆ ಕೇಳಲು ಪಕ್ಕದ ಮನೆಗೆ ಹೋಗಿದ್ದಳು. ಗಲಾಟೆಯಲ್ಲಿ ಪ್ರಜ್ಞಾ ಕಿವಿ ಮುಚ್ಚಿಕೊಂಡು ಕೂತಿದ್ದವಳು ಎದ್ದಳು. ಹಲಗೆಯ ಹತ್ತಿರ ಹೋಗಿ ಸೆರಗಿನ ಕಾರ್ಡು ಕಿತ್ತಳು. ನನ್ನನ್ನು ದಾಟಿ, ನೆಂಟರನ್ನೆಲ್ಲ ದಾಟಿ, ಅಜ್ಜಿಯ ಕೈಗೆ ಕೊಟ್ಟಳು. ಅವ್ವ ಕೂಗಿಕೊಂಡಳು, "ಯಶೋದೀ, ಬಾರೇ, ಓಡ್ಬಾರೇ, ಮಗ ಕರೀತೈತೆ!" ಯಶೋಧರಾ ಪಾತ್ರೆಯನ್ನು ಬೀದಿಯಲ್ಲೇ ಬಿಟ್ಟು ಓಡಿ ಬಂದಳು. ನಾಲ್ಕು ವರ್ಷ ತಾಯಿಯಾಗಿದ್ದವಳು ಮೊದಲ ಸಲ ಕರೆಯಿಸಿಕೊಂಡಳು. ಆ ದಿನ ನಾನು ಅತ್ತೆ, ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಇನ್ನು ತಮ್ಮ ಆಗಮನ. ಈ ವರ್ಷ ಜೂನ್‌ನಲ್ಲಿ ಸಮಿತಿ ತರೀಕೆರೆಗೆ ಬರುತ್ತದೆಂದು ಗೊತ್ತಾದಾಗ ಹಂಸಾ ನನ್ನನ್ನು ಕೇಳಿದರು, "ಅಣ್ಣ, ಎರಡು ದಿನಕ್ಕೆ ಪ್ರಜ್ಞಾ ಕಾರ್ಡ್ ಕೊಟ್ಟಿರಿ. ಸಾಹೇಬ್ರಿಗೆ ತೋರಿಸ್ತೀನಿ. ಉಳಿದ ಮಕ್ಕಳಿಗೂ ಹೀಗೇ ಮಾಡಿಸ್ಬಹುದು." ನಾನೇ ಹಲಗೆಯಿಂದ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಹಾಕಿಕೊಟ್ಟೆ. ನನ್ನ ಕೈಕೆಲಸ ದೊಡ್ಡವರು ನೋಡುತ್ತಾರೆಂದು ಒಳಗೊಳಗೇ ಉಬ್ಬಿದ್ದೆ. ಆ ಉಬ್ಬಿಗೆ ಈಗ ಎಷ್ಟು ಸಲ ನನ್ನನ್ನೇ ಬೈದುಕೊಂಡಿದ್ದೇನೋ.

ತಾವು ಕಾರ್ಡುಗಳನ್ನು ಮೆಚ್ಚಿದಿರಿ. ಇದು ನನ್ನ ದೂರಿನ ಅತ್ಯಂತ ಕೆಟ್ಟ ಭಾಗ. ಬೈದು ಹೋಗಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಕರವಸ್ತ್ರದಲ್ಲಿ ಹಿಡಿದು ನೋಡಿದಿರಂತೆ, ಕಲ್ಪನೆ ಚೆನ್ನಾಗಿದೆ, ಸ್ವಚ್ಛತೆ ಸಾಲದು ಎಂದಿರಂತೆ, ಜಿಲ್ಲೆಗೆಲ್ಲ ಮಾದರಿ ಮಾಡೋಣ ಎಂದು ಚೀಲವನ್ನು ಜೀಪಿನಲ್ಲಿ ಇಡಿಸಿಕೊಂಡಿರಂತೆ. ಎಂಟು ದಿನದಲ್ಲಿ ವಾಪಸು ಎಂದು ಹಂಸಾ ಅವರಿಗೆ ಹೇಳಿದ್ದಿರಂತೆ. ಮನೆಯಲ್ಲಿ ಪ್ರಜ್ಞಾ ಬರಿಯ ಹಲಗೆಯ ಮುಂದೆ ನಿಂತು ವೆಲ್ಕ್ರೋ ಪಟ್ಟಿಗಳನ್ನು ಸವರುತ್ತಿದ್ದಳು. ಎಂಟು ದಿನ ತಾನೇ ಎಂದು ನಾವು ತಡೆದುಕೊಂಡೆವು. ಎರಡು ತಿಂಗಳಾಯಿತು.

ಆಗಸ್ಟ್‌ನಲ್ಲಿ ಬಂದದ್ದು ಆದೇಶ. ಅದರ ಒಂದು ಸಾಲು ನನಗೆ ಬಾಯಿಪಾಠವಾಗಿದೆ: "ಎಲ್ಲ ಸ್ಪರ್ಶ ಕಾರ್ಡುಗಳೂ ಏಕರೂಪದ ಅಳತೆಯಲ್ಲಿ, ತೊಳೆಯಲು ಯೋಗ್ಯವಾಗಿ, ಲ್ಯಾಮಿನೇಟ್ ಆಗಿರತಕ್ಕದ್ದು." ಆದೇಶದ ಜೊತೆ ಹೊಸ ಕಾರ್ಡುಗಳೂ ಬಂದವು. ಆರು ಮಕ್ಕಳಿಗೂ ಆರು ಕಟ್ಟು. ಹಂಸಾ ಬಿಚ್ಚಿ ನೋಡಿದರೆ ಒಳಗಿದ್ದದ್ದು ರಾಗಿಯ ಫೋಟೋ. ತಗಡಿನ ಫೋಟೋ. ಕಂಬಳಿಯ ಫೋಟೋ. ನನ್ನ ಹೆಂಡತಿಯ ಸೆರಗಿನ ಫೋಟೋ. ಮೇಲೆ ನುಣುಪಾದ ಪ್ಲಾಸ್ಟಿಕ್ಕು. ಕಣ್ಣು ಮುಚ್ಚಿ ಮುಟ್ಟಿದರೆ ಏಳೂ ಒಂದೇ. ಬೆರಳಿನಿಂದ ನೋಡುವ ಮಗುವಿಗೆ ತಾವು ರಾಗಿ, ನಾರು, ಕಂಬಳಿಗಳ ಭಾವಚಿತ್ರ ಕಳಿಸಿದ್ದಿರಿ. ಆ ಆದೇಶ ಎಷ್ಟು ಮೇಜುಗಳನ್ನು ದಾಟಿರಬೇಕು? ಒಬ್ಬರಾದರೂ, ಒಬ್ಬೇ ಒಬ್ಬ ಗುಮಾಸ್ತನಾದರೂ, "ಸ್ಪರ್ಶ" ಎಂಬ ಪದದ ಪಕ್ಕ "ಲ್ಯಾಮಿನೇಟ್" ಎಂಬ ಪದ ನೋಡಿ ಒಂದು ಕ್ಷಣ ಪೆನ್ನು ನಿಲ್ಲಿಸಲಿಲ್ಲವೇ?

ನಮ್ಮ ದಡ್ಡತನವನ್ನೂ ಹೇಳಿಬಿಡುತ್ತೇನೆ. ಹೊಸ ಕಾರ್ಡುಗಳನ್ನು ಮನೆಯಲ್ಲೂ ಬಳಸಬೇಕೆಂದು ಆದೇಶದಲ್ಲಿತ್ತು. ಸರಕಾರ ಓದಿದವರ ಕೈಲಿ ಮಾಡಿಸಿ ಕೊಟ್ಟದ್ದಲ್ಲವೇ, ನಮಗೆ ತಿಳಿಯದ ಏನೋ ವಿದ್ಯೆ ಇರಬೇಕು ಎಂದುಕೊಂಡು ಹಲಗೆಗೆ ಅವನ್ನೇ ಅಂಟಿಸಿದೆವು. ಅಂಟಿಸಬಾರದಿತ್ತು. ಪ್ರಜ್ಞಾ ಬಂದು ಏಳನ್ನೂ ಸವರಿದಳು. ಮತ್ತೆ ಸವರಿದಳು. ಬಾಯಾರಿತ್ತೋ ಏನೋ, ಒಂದನ್ನು ಕಿತ್ತು ತಂದಳು. ಅದು ನಿದ್ದೆಯದು, ನಾವು ಮಲಗಿಸಲು ಹೋದೆವು. ಮತ್ತೊಂದು ತಂದಳು, ಬಚ್ಚಲಿಗೆ ಕರೆದುಕೊಂಡು ಹೋದೆವು. ಮೂರು ವಾರ ಹೀಗೆ ನಡೆಯಿತು. ಅವಳು ಕೇಳಿದ್ದೇ ಒಂದು, ನಾವು ಕೊಟ್ಟದ್ದೇ ಒಂದು. ನಾಲ್ಕನೇ ವಾರದಿಂದ ಹಲಗೆಯ ಹತ್ತಿರ ಹೋಗುವುದನ್ನು ಬಿಟ್ಟಳು, ಮತ್ತೆ ಮುಂಗೈ ಬಾಯಿಗಿಟ್ಟಳು. ಈಗ ಹಲ್ಲು ಮೊದಲಿಗಿಂತ ಗಟ್ಟಿಯಾಗಿವೆ.

ಆಗ ನನಗೆ ಬುದ್ಧಿ ಬಂದು ಹಳೆಯ ಕಾರ್ಡುಗಳನ್ನು ಹುಡುಕಿಕೊಂಡು ಹೊರಟೆ. ಹೊಸ ಕಾರ್ಡುಗಳ ಹಿಂದೆ ಕಡೂರಿನ ಒಂದು ಜೆರಾಕ್ಸ್ ಅಂಗಡಿಯ ಮುದ್ರೆ ಇತ್ತು. ರೈಲ್ವೆ ನಿಲ್ದಾಣದ ಕಡೆ ಇದ್ದ ಆ ಅಂಗಡಿಗೆ ಹೋದೆ. ಮಾಲೀಕ ಪ್ರದ್ಯುಮ್ನ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿದ.

"ನಾನು ಹೇಳ್ದೆ ಕಣ್ರೀ, ಇವು ಉಬ್ಬಿದಾವೆ, ಲ್ಯಾಮಿನೇಷನ್ ಮಿಷನ್ ಒಳಗೆ ಹೋಗಲ್ಲ ಅಂತ. 'ಹಂಗಾದ್ರೆ ಕಲರ್ ಜೆರಾಕ್ಸ್ ತೆಗೆದು ಅದನ್ನೇ ಮಾಡಿ, ಆದೇಶದಲ್ಲಿ ಲ್ಯಾಮಿನೇಟ್ ಅಂತಿದೆ' ಅಂದ್ರು ಬಂದಿದ್ದವ್ರು. ನಂದೇನಿದೆ? ಮಾಡ್ಕೊಟ್ಟೆ. ನೋಡಿ, ಆ ಉಪ್ಪುಕಾಗದ ಇಟ್ಟು ತೆಗೆಯೋವಾಗ ನನ್ನ ಮಿಷನ್ ಗಾಜು ಗೀಚ್ಕೊಂಡ್ಬಿಡ್ತು."

ಗಾಜಿನ ಮೇಲೆ ಉದ್ದಕ್ಕೆ ಒಂದು ಗೆರೆ ಇತ್ತು. ತಮ್ಮ ಇಡೀ ಏರ್ಪಾಟಿನಲ್ಲಿ ನನ್ನ ಮಗಳ "ಬೇಡ" ಕೇಳಿಸಿದ್ದು ಆ ಮಿಷನ್ನಿಗೆ ಮಾತ್ರ.

ಚೀಲ ಕಚೇರಿಗೆ ವಾಪಸು ಹೋಯಿತೆಂದು ಅವನು ಹೇಳಿದ್ದರಿಂದ ಮಾರನೇ ದಿನ ತಮ್ಮ ಕಚೇರಿಗೆ ಬಂದೆ. ಉಗ್ರಾಣ ನೋಡಿಕೊಳ್ಳುವ ಮಹೇಂದ್ರ ಎಂಬಾತ ನನ್ನ ಮುಖ ನೋಡಲಾರದೆ ನೆಲ ನೋಡಿಕೊಂಡು ಮಾತಾಡಿದ. "ರಾಗಿಗೆ ಹುಳ ಬಿದ್ದಿತ್ತು ಅಣ್ಣ. ಕಡತಕ್ಕೆ ಹತ್ತುತ್ತೆ ಅಂತ ಹೇಳಿದ್ರು. ಚೀಲ ಸಮೇತ ಹಿಂದ್ಗಡೆ ತಗೊಂಡೋಗಿ ಸುಟ್ಬಿಟ್ವಿ." ಒಂದು ಕಾಗದವನ್ನೂ ತೋರಿಸಿದ. ಅದರಲ್ಲಿ "ಹಳೆಯ ಸ್ಪರ್ಶ ಕಾರ್ಡುಗಳು, ಸಂಖ್ಯೆ ಏಳು, ವಿಲೇವಾರಿ ಮಾಡಲಾಗಿದೆ" ಎಂದು ಬರೆದು, ಕೆಳಗೆ ತಮ್ಮ ಸಹಿ. ಅಕ್ಷರ ಮುತ್ತಿನಂತಿತ್ತು.

ಆ ದಿನ ತಾವು ನನಗೆ ನಾಲ್ಕು ನಿಮಿಷ ಕೊಟ್ಟಿರಿ. ನೆನಪಿರಲಾರದು. "ಹಳೆಯದಕ್ಕೆ ಯಾಕೆ ಇಷ್ಟು ಒದ್ದಾಡ್ತೀರಿ? ಹೊಸದರಲ್ಲಿ ಚಿತ್ರ ಎಷ್ಟು ಸ್ಪಷ್ಟವಾಗಿ ಬಂದಿದೆ ನೋಡಿ, ರಾಗಿ ಕಾಳು ಎಣಿಸಬಹುದು. ಎಲ್ಲ ಮಕ್ಕಳೂ ಚಿತ್ರ ನೋಡಿ ತಾನೇ ಕಲಿಯೋದು?" ಎಂದಿರಿ. ನಾನು ಅವಳು ನೋಡುವುದಿಲ್ಲ ಸ್ವಾಮಿ, ಮುಟ್ಟುತ್ತಾಳೆ ಎಂದೆ. "ಅಭ್ಯಾಸ ಮಾಡಿಸಿ," ಎಂದಿರಿ. ಎರಡು ಪದ. ನನ್ನ ಮಗಳ ಒಟ್ಟು ನುಡಿಯಲ್ಲಿ ಎರಡು ಪದಕ್ಕೆ ಒಂಬತ್ತು ತಿಂಗಳು ಬೇಕಾಗಿತ್ತು, ತಮಗೆ ಎರಡು ಸೆಕೆಂಡು ಸಾಕಾಯಿತು. ಮಾತು ಬರುವವರಿಗೆ ಮಾತು ಎಷ್ಟು ಅಗ್ಗ!

ಕಾರ್ಡು ಹೋದರೆ ಮತ್ತೆ ಮಾಡಿಕೊಂಡರಾಯಿತಲ್ಲ, ಕಸುಬು ಗೊತ್ತಿದೆಯಲ್ಲ ಎಂದು ತಮಗನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಅಂಗಡಿ ಮುಚ್ಚಿ ಎರಡು ದಿನ ಕೂತು ಏಳನ್ನೂ ಹೊಸದಾಗಿ ಮಾಡಿದೆ. ಅದೇ ಪ್ಲೈವುಡ್, ಅದೇ ಕಂಬಳಿ, ಅದೇ ಸೀರೆಯ ಉಳಿದ ಸೆರಗು. ಈ ಸಲ ಮನಸ್ಸಿಟ್ಟು ಹೊಲಿದೆ. ಒಂದು ಗಂಟೂ ಮೇಲೆ ಕಾಣದಂತೆ, ಒಂದು ಹೊಲಿಗೆಯೂ ಓರೆ ಹೋಗದಂತೆ. ಇಷ್ಟು ನೀಟಾದ ಕೆಲಸ ನಾನು ಯಾವ ಗಿರಾಕಿಗೂ ಮಾಡಿಕೊಟ್ಟಿಲ್ಲ. ಅಮ್ಮನ ಕಾರ್ಡನ್ನು ಪ್ರಜ್ಞಾಳ ಕೈಗಿಟ್ಟೆ. ಅವಳು ಹೆಬ್ಬೆರಳಿನಿಂದ ಒಂದೊಂದೇ ಮೂಲೆಯನ್ನು ತಡವಿದಳು, ನಾಲ್ಕೂ ಮೂಲೆ ಆದ ಮೇಲೆ ಮತ್ತೆ ಮೊದಲಿನಿಂದ ತಡವಿದಳು, ಕೆಳಗೆ ಬಿಟ್ಟಳು.

ಯಶೋಧರಾ ಗೋಡೆಗೊರಗಿ ನೋಡುತ್ತಿದ್ದವಳು ಹೇಳಿದಳು, "ಮೂಲೇಲಿ ಒಂದು ಗಂಟಿತ್ತಲ್ಲಾ ಕಣ್ರೀ. ಅವಳು ಮೊದ್ಲು ಅದನ್ನೇ ಹಿಡ್ಕೊಳ್ಳೋಳು. ಅದೇ ಇಲ್ಲ."

ನಾನು ಹೇಳಿದ ನನ್ನ ತಪ್ಪು ಇದು. ನಾನು ಅವಮಾನವೆಂದುಕೊಂಡ ಆ ಗಂಟನ್ನೇ ನನ್ನ ಮಗಳು ಅಮ್ಮ ಎಂದು ತಿಳಿದಿದ್ದಳು. ಬಟ್ಟೆ ಅಲ್ಲ, ಸೀರೆ ಅಲ್ಲ, ಎಳ್ಳಿನಷ್ಟು ದಾರದ ಗಂಟು. ಬಿಚ್ಚಿ ಗಂಟು ಹಾಕಲು ಕೂತೆ. ಯಾವ ಮೂಲೆಯಲ್ಲಿತ್ತು? ಯಶೋಧರಾ ಬಲಗಡೆ ಮೇಲೆ ಎಂದಳು, ಅವ್ವ ಎಡಗಡೆ ಕೆಳಗೆ ಎಂದಳು, ನನಗೆ ನೆನಪೇ ಇಲ್ಲ. ನಾಲ್ಕು ಮೂಲೆಗೆ ನಾಲ್ಕು ಕಾರ್ಡು ಮಾಡಿದೆ. ಎಷ್ಟು ದಪ್ಪ ಇತ್ತು, ಎಷ್ಟು ಸವೆದಿತ್ತು? ಎರಡು ವರ್ಷ ಅವಳ ಬೆರಳು ತಿಕ್ಕಿ ತಿಕ್ಕಿ ಆದ ನುಣುಪನ್ನು ನಾನು ಯಾವ ಸೂಜಿಯಿಂದ ತರಲಿ? ಅವಳು ಅವನ್ನೆಲ್ಲ ಒಂದು ಸಲ ಮುಟ್ಟಿ ಪಕ್ಕಕ್ಕೆ ಸರಿಸಿದಳು. ಹಂಸಾ ಬಂದು ನೋಡಿ ಕಣ್ಣೀರು ಹಾಕಿದರು. "ಅವಳ ಪಾಲಿಗೆ ಇವು ಬೇರೆ ಮಾತು ಅಣ್ಣ. ಮತ್ತೆ ಮೊದಲಿಂದ ಕಲಿಸ್ಬೇಕು. ಆದ್ರೆ ಮೊದಲು ಕಾರ್ಡ್ ಕೊಟ್ರೆ ಕೇಳಿದ್ದು ಸಿಗತ್ತೆ ಅಂತ ನಂಬಿದ್ಲು. ಈಗ ಆ ನಂಬಿಕೇನೇ ಹೋಗಿದೆ. ತಪ್ಪು ನಂದು, ನಾನು ತೋರಿಸಬಾರದಿತ್ತು," ಎಂದರು. ಅವರದ್ದಲ್ಲ ಎಂದು ನಾನು ಹೇಳಿದೆ. ಹಾಗಾದರೆ ಯಾರದ್ದು ಎಂದು ಅವರು ಕೇಳಲಿಲ್ಲ. ಗುತ್ತಿಗೆ ನೌಕರರು ಅಂಥ ಪ್ರಶ್ನೆ ಕೇಳುವುದಿಲ್ಲ.

ತಮ್ಮ ದಾಖಲೆಗಳ ಪ್ರಕಾರ ಎಲ್ಲವೂ ಸರಿಯಿದೆಯೆಂದು ನನಗೆ ಗೊತ್ತು. ವಾರಕ್ಕೊಮ್ಮೆ ಮಕ್ಕಳು ಹೊಸ ಕಾರ್ಡು ಹಿಡಿದ ಫೋಟೋವನ್ನು ಹಂಸಾ ಮೊಬೈಲಿನ ಆ್ಯಪಿನಲ್ಲಿ ಮೇಲಕ್ಕೆ ಕಳಿಸಬೇಕು. ಪ್ರಜ್ಞಾಳ ಫೋಟೋವೂ ಹೋಗಿದೆ. ಅದರಲ್ಲಿ ಅವಳ ಕೈಯಲ್ಲಿ ರಾಗಿಯ ಚಿತ್ರವಿದೆ. ಅವಳ ಕೈಯನ್ನು ಒತ್ತಿ ಹಿಡಿದಿರುವ ಶಿಕ್ಷಕಿಯ ಕೈ ಫೋಟೋದ ಅಂಚಿನಲ್ಲಿ ಕತ್ತರಿಸಿಹೋಗಿದೆ. ಕೆಳಗೆ "ಪ್ರಗತಿ: ತೃಪ್ತಿಕರ" ಎಂದು ತಾನಾಗಿಯೇ ಮೂಡಿತಂತೆ. ಯಾರ ತೃಪ್ತಿ ಸ್ವಾಮಿ? ಕಳೆದ ತಿಂಗಳು ರಾಜ್ಯೋತ್ಸವಕ್ಕೆ ತಮ್ಮ ಕಚೇರಿಯ ಗೇಟಿಗೆ "ಭಾಷೆ ಉಳಿಸಿ, ಭಾಷೆ ಬೆಳೆಸಿ" ಎಂಬ ಬ್ಯಾನರು ಕಟ್ಟಿತ್ತು. ನಾನು ಮೂರನೇ ಪತ್ರ ಕೊಡಲು ಅದರ ಕೆಳಗೇ ಹಾದು ಬಂದೆ. ಏಳು ಪದಗಳಿದ್ದ, ಒಬ್ಬಳೇ ಆಡುತ್ತಿದ್ದ, ನಾಲ್ಕೇ ಜನಕ್ಕೆ ಅರ್ಥವಾಗುತ್ತಿದ್ದ ಒಂದು ಭಾಷೆಯನ್ನು ಅದೇ ಕಚೇರಿಯ ಹಿತ್ತಿಲಲ್ಲಿ ಚೀಲ ಸಮೇತ ಸುಟ್ಟಿದ್ದರು. ಅದನ್ನು ಉಳಿಸಲು ಯಾವ ಸಂಘವೂ ಬರುವುದಿಲ್ಲ, ಬರಲೆಂದು ನಾನು ಕೇಳುವುದೂ ಇಲ್ಲ.

ಪತ್ರವೆಂದ ಮೇಲೆ ಬೇಡಿಕೆ ಇರಬೇಕು. ಒಂದು, ಆ ಆದೇಶಕ್ಕೆ "ಮುಟ್ಟಿ ಕಲಿಯುವ ಸಾಮಗ್ರಿಗಳಿಗೆ ಇದು ಅನ್ವಯಿಸುವುದಿಲ್ಲ" ಎಂಬ ಒಂದು ಸಾಲು ಸೇರಿಸಿ. ಅಮೃತಾಪುರದ ಕಡೆಯಿಂದ ಭೂಮಿಕಾ ಎಂಬ ಮಗು ಈಗಷ್ಟೇ ಆ ಕೊಠಡಿಗೆ ಬರತೊಡಗಿದೆ, ಇನ್ನೂ ಮೂರು ತುಂಬಿಲ್ಲ, ಅದೂ ಎಲ್ಲವನ್ನೂ ಸವರಿ ನೋಡುತ್ತದೆ. ಅದಕ್ಕೆ ಕಾರ್ಡು ಮಾಡಿಕೊಡಲು ನಾನು ತಯಾರಿದ್ದೇನೆ, ಹಂಸಾ ಅವರಿಗೆ ಅನುಮತಿ ಇಲ್ಲ. ತಾವು ಆ ಸಾಲು ಸೇರಿಸುವುದಿಲ್ಲ. ಸೇರಿಸಿದರೆ ಮೊದಲಿನದು ತಪ್ಪೆಂದು ಒಪ್ಪಿದಂತಾಗುತ್ತದಲ್ಲ. ಆದರೂ ಕೇಳಿದ್ದೇನೆಂದು ಬರೆದಿಟ್ಟುಕೊಳ್ಳಿ.

ಎರಡನೆಯದು ನನ್ನ ಸ್ವಂತದ್ದು. ದಿನವೂ ಸಂಜೆ ಆರು ಗಂಟೆಗೆ ಯಶೋಧರಾ ಮಗಳನ್ನು ಚಾಪೆಯ ಮೇಲೆ ಕೂರಿಸಿ, ಸುತ್ತ ನಾನು ಮಾಡಿದ ನಾಲ್ಕು ಸೆರಗಿನ ಕಾರ್ಡು ಇಟ್ಟು, ತಾನು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಗೋಡೆಯ ಪಕ್ಕ ನಿಲ್ಲುತ್ತಾಳೆ. ತಾನು ಕಾಣದಿದ್ದರೆ ಮಗಳು ಕರೆದಾಳೆಂದು. ಅರ್ಧ ಗಂಟೆ, ಕೆಲವು ದಿನ ಮುಕ್ಕಾಲು ಗಂಟೆ. ಬೀದಿಯವರು ಮೊದಮೊದಲು ಯಾಕಮ್ಮಾ ಹೊರಗೆ ನಿಂತಿದ್ದೀಯ ಎಂದು ಕೇಳುತ್ತಿದ್ದರು, ಈಗ ಕೇಳುವುದಿಲ್ಲ. ನಾನು ಒಳಗೆ ಕೂತು ಪ್ರಜ್ಞಾಳನ್ನು ನೋಡುತ್ತಿರುತ್ತೇನೆ. ಅವಳು ತಲೆ ಎತ್ತುವುದಿಲ್ಲ. ಮೂರು ತಿಂಗಳಾಯಿತು. ಸಾಕು ಬಾ ಎಂದು ಬಾಗಿಲು ತೆರೆದು ಹೇಳಬೇಕೆಂದು ದಿನವೂ ಏಳುತ್ತೇನೆ, ಬಾಗಿಲವರೆಗೆ ಹೋಗಿ ವಾಪಸು ಬಂದು ಕೂರುತ್ತೇನೆ. ನನ್ನಿಂದ ಆಗುವುದಿಲ್ಲ. ಆದ್ದರಿಂದ ತಾವೇ ಒಂದು ಸಂಜೆ ಅಜ್ಜಂಪುರಕ್ಕೆ ದಯಮಾಡಿಸಬೇಕು. ಆ ಗೋಡೆಯ ಹತ್ತಿರ ಬಂದು, "ಒಳಗೆ ಹೋಗಮ್ಮ, ಇನ್ನು ಅವಳು ಕರೆಯುವುದಿಲ್ಲ" ಎಂದು ನನ್ನ ಹೆಂಡತಿಗೆ ಹೇಳಬೇಕು. ಆದೇಶ ತಮ್ಮದು, ಅದನ್ನು ಓದಿ ಹೇಳುವ ಕೆಲಸವನ್ನೂ ತಾವೇ ಮಾಡಿ.

ಇಂತಿ,
ಎಂಟನೆಯ ಮಾತಾಗಲು ಸರದಿಯಲ್ಲಿ ನಿಂತಿದ್ದ ಅಪ್ಪ,
ಹೊನ್ನೇಶ್
ಸೀಟು ಹೊಲಿಯುವವನು, ಅಜ್ಜಂಪುರ